ಹುಳಿ, ಉಪ್ಪು, ಘಮ: ಕನ್ನಡ ನಾಡಿನ ಸಿಹಿಯಿಲ್ಲದ ಪಾನೀಯಗಳ ಇತಿಹಾಸ

ಬರಿಯ ನೀರು ಬಾಯಿಗೆ ಹಿಡಿಸುವುದಿಲ್ಲವೆಂಬ ಮಾತನ್ನು ನಗರಜೀವನದ ಹೊಸ ಚಪಲವೆಂದು ತಳ್ಳಿಹಾಕುವುದು ಸುಲಭ. ಆದರೆ ಇತಿಹಾಸ ಅದನ್ನು ಒಪ್ಪುವುದಿಲ್ಲ. ಕನ್ನಡ ನಾಡಿನ ಅಡುಗೆ, ವೈದ್ಯ, ರಾಜಭೋಗ ಮತ್ತು ದಾನಧರ್ಮಗಳ ಕುರಿತ ಹಳೆಯ ಬರಹಗಳನ್ನೂ ಇಂದಿಗೂ ಉಳಿದಿರುವ ಮನೆವಾರ್ತೆಯ ರೂಢಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನೀರನ್ನು ನಾಲಗೆಗೆ ಹಿತವಾಗಿಸುವ ಪ್ರಯತ್ನ ಇಲ್ಲಿ ಕನಿಷ್ಠ ಸಾವಿರ ವರ್ಷಗಳಿಂದ ನಡೆದುಬಂದಿದೆಯೆಂಬುದು ಸ್ಪಷ್ಟವಾಗುತ್ತದೆ. ಆ ಪ್ರಯತ್ನದಲ್ಲಿ ಬೆಲ್ಲ-ಸಕ್ಕರೆಗಳ ಪಾಲು ಬಹಳ ಕಡಿಮೆ ಎಂಬುದು ಇನ್ನೂ ಮುಖ್ಯವಾದ ಸಂಗತಿ. ಬೆಲ್ಲದ ಪಾನಕ ಹಬ್ಬಕ್ಕೆ, ಮದುವೆಗೆ, ಅತಿಥಿ ಸತ್ಕಾರಕ್ಕೆ ಮೀಸಲಾಗಿದ್ದರೆ, ದಿನನಿತ್ಯದ ಬಾಯಾರಿಕೆಯನ್ನು ತಣಿಸುವ ಹೊಣೆಯನ್ನು ಹುಳಿ, ಉಪ್ಪು, ಖಾರ ಮತ್ತು ಪರಿಮಳಗಳು ಹೊತ್ತಿದ್ದವು. ಈ ಕ್ರಮ ತಲೆಕೆಳಗಾದದ್ದು ಕಳೆದ ನೂರು ವರ್ಷಗಳಲ್ಲಿ. ಹಾಗಾಗಿ ಸಿಹಿಯಿಲ್ಲದ ಪಾನೀಯಗಳ ಚರಿತ್ರೆಯನ್ನು ಅರಿಯುವುದೆಂದರೆ ಈ ನಾಡಿನ ಜನ ತಮ್ಮ ಹವೆ, ಬೆಳೆ ಮತ್ತು ದುಡಿಮೆಗೆ ತಕ್ಕಂತೆ ರೂಪಿಸಿಕೊಂಡ ಒಂದು ದೊಡ್ಡ ತಿಳಿವಳಿಕೆಯನ್ನು ಅರಿಯುವುದೇ ಆಗಿದೆ.

ನೀರಿನ ರುಚಿಯ ಪ್ರಶ್ನೆ

ಕೊಳಾಯಿ ನೀರು ಬರುವ ಮೊದಲು ನೀರಿಗೆ ಒಂದೇ ರುಚಿ ಇರಲಿಲ್ಲ. ಬಯಲುಸೀಮೆಯ ಬಹುಭಾಗ ಕೆರೆಗಳನ್ನು ನಂಬಿಕೊಂಡಿತ್ತು. ಮಳೆಗಾಲದಲ್ಲಿ ಕೆರೆಗೆ ಹರಿದುಬರುವ ಕೆಂಪು ನೀರಿನಲ್ಲಿ ಮಣ್ಣು ತುಂಬಿರುತ್ತಿತ್ತು, ಬೇಸಿಗೆಯಲ್ಲಿ ತಳ ಕಂಡ ಕೆರೆಯ ನೀರಿಗೆ ಪಾಚಿಯ ವಾಸನೆ ಅಂಟಿಕೊಳ್ಳುತ್ತಿತ್ತು. ಕಪ್ಪುಮಣ್ಣಿನ ಸೀಮೆಯ ಅನೇಕ ಬಾವಿಗಳಲ್ಲಿ ಲವಣಾಂಶ ಹೆಚ್ಚಾಗಿ ನೀರು ಸವುಳಾಗಿರುತ್ತಿತ್ತು. ಕರಾವಳಿಯಲ್ಲಿ ಸಮುದ್ರಕ್ಕೆ ಹತ್ತಿರದ ಬಾವಿಗಳು ಬೇಸಿಗೆ ಬಂದಂತೆ ಉಪ್ಪಾಗುತ್ತಿದ್ದವು. ಇಂಥ ನೀರನ್ನು ಇದ್ದಂತೆಯೇ ಕುಡಿಯಲು ಮನಸ್ಸಾಗದಿರುವುದು ಸಹಜವಾಗಿತ್ತು, ಆ ಹಿಂಜರಿಕೆಯಲ್ಲಿ ಆರೋಗ್ಯದ ಎಚ್ಚರವೂ ಸೇರಿತ್ತು.

ಮೊದಲ ಪರಿಹಾರ ನೀರನ್ನು ತಿಳಿಗೊಳಿಸುವುದು. ಚಿಲ್ಲದ ಬೀಜವನ್ನು, ಅಂದರೆ ಸಂಸ್ಕೃತದಲ್ಲಿ ಕತಕವೆಂದು ಕರೆಯುವ ಮರದ ಬೀಜವನ್ನು, ಮಣ್ಣಿನ ಪಾತ್ರೆಯ ಒಳಮೈಗೆ ತೇಯ್ದು ಕದಡಿದ ನೀರನ್ನು ತುಂಬಿಟ್ಟರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ. ಈ ಗುಣ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ಮಾತು ಮನುಸ್ಮೃತಿಯಲ್ಲಿ ಧರ್ಮಾಚರಣೆಯ ದೃಷ್ಟಾಂತವಾಗಿಯೇ ಬಂದಿದೆ. ಎರಡನೆಯ ಪರಿಹಾರ ಮಣ್ಣಿನ ಪಾತ್ರೆ. ಮಡಕೆ, ಹೂಜಿ, ಪ್ರಯಾಣದಲ್ಲಿ ಒಯ್ಯುವ ತತ್ರಾಣಿ, ಉತ್ತರ ಕರ್ನಾಟಕದ ಮನೆಗಳಲ್ಲಿ ಅರ್ಧ ನೆಲದಲ್ಲಿ ಹುಗಿದಿಡುತ್ತಿದ್ದ ದೊಡ್ಡ ರಂಜಣಿಗೆ, ಇವುಗಳ ಸೂಕ್ಷ್ಮ ರಂಧ್ರಗಳಿಂದ ಹೊರಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಸೆಳೆದುಕೊಳ್ಳುವುದರಿಂದ ನೀರು ತಂಪಾಗುತ್ತದೆ. ಮಣ್ಣಿನ ಸಣ್ಣ ಘಮವೂ ಅದಕ್ಕೆ ಸೇರುತ್ತದೆ. ಆಯುರ್ವೇದದ ಗ್ರಂಥಗಳು ಶರದೃತುವಿನ ನೀರನ್ನು, ಹಗಲು ಬಿಸಿಲಿನಲ್ಲಿ ಕಾದು ಇರುಳು ಬೆಳದಿಂಗಳಿನಲ್ಲಿ ತಣಿದದ್ದನ್ನು, ಹಂಸೋದಕವೆಂದು ಕರೆದು ಎಲ್ಲಕ್ಕಿಂತ ಮೇಲಾದುದೆಂದು ಹೊಗಳುತ್ತವೆ. ನೀರಿನ ಮೂಲ, ಕಾಲ ಮತ್ತು ಪಾತ್ರೆಗಳ ಬಗ್ಗೆ ಆ ಕಾಲದವರು ಎಷ್ಟು ಸೂಕ್ಷ್ಮವಾಗಿ ಯೋಚಿಸುತ್ತಿದ್ದರೆಂಬುದಕ್ಕೆ ಇದು ಸಾಕ್ಷಿ.

ಅರಮನೆಯಲ್ಲಿ ಈ ಎಚ್ಚರ ಇನ್ನೂ ಬಿಗಿಯಾಗಿತ್ತು. ಅಚ್ಯುತರಾಯನ ಕಾಲದ ವಿಜಯನಗರವನ್ನು ಕಂಡ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್, ಅರಸನು ಕುಡಿಯುವ ನೀರು ನಂಬಿಕೆಯ ಒಬ್ಬನ ಕಾವಲಿನಲ್ಲಿರುವ ಒಂದು ಚಿಲುಮೆಯಿಂದ ಬರುತ್ತದೆಂದೂ, ಅದನ್ನು ತರುವ ಪಾತ್ರೆಗಳನ್ನು ಮುಚ್ಚಿ ಮುದ್ರೆ ಹಾಕಿರುತ್ತಾರೆಂದೂ ಬರೆದಿದ್ದಾನೆ. ವಿಷದ ಭಯ ಇದಕ್ಕೆ ಮುಖ್ಯ ಕಾರಣವಾಗಿದ್ದರೂ, ಎಲ್ಲ ನೀರೂ ಒಂದೇ ಅಲ್ಲವೆಂಬ ನಂಬಿಕೆಯೂ ಅದರ ಹಿಂದಿತ್ತು.

ಪರಿಮಳದ ನೀರು

ನೀರಿಗೆ ಏನನ್ನೂ ಕರಗಿಸದೆ ಬರಿಯ ಪರಿಮಳದಿಂದ ರುಚಿ ತರುವ ಕಲೆ ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ಚೆನ್ನಾಗಿ ಬೆಳೆದಿತ್ತು. 1127ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ವಿಶ್ವಕೋಶವಾದ ‘ಮಾನಸೋಲ್ಲಾಸ’ವು ಅರಸನ ಭೋಗಗಳನ್ನು ಒಂದೊಂದಾಗಿ ವಿವರಿಸುವಾಗ ಅನ್ನಭೋಗದ ಜೊತೆಯಲ್ಲಿ ಪಾನೀಯಭೋಗಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಅನ್ನಕ್ಕಿರುವಷ್ಟೇ ಗೌರವ ಕುಡಿಯುವ ನೀರಿಗೂ ಸಲ್ಲಬೇಕೆಂಬ ಈ ನಿಲುವು ಗಮನಾರ್ಹ. ಯಾವ ನೀರು ಯಾವ ಕಾಲಕ್ಕೆ ಹಿತವೆಂಬುದನ್ನು ಹೇಳುವುದರೊಡನೆ, ಪಾಟಲ, ಅಂದರೆ ಪಾದರಿ ಹೂವು, ನೈದಿಲೆ, ಸಂಪಿಗೆಗಳಂಥ ಹೂವುಗಳಿಂದಲೂ ಕರ್ಪೂರದಂಥ ಸುಗಂಧದ್ರವ್ಯಗಳಿಂದಲೂ ನೀರನ್ನು ವಾಸನೆಗೊಳಿಸುವ ಕ್ರಮವನ್ನು ಆ ಗ್ರಂಥ ಪರಿಚಯಿಸುತ್ತದೆ. ಇದಕ್ಕೂ ಒಂದು ಶತಮಾನ ಮೊದಲು, 1025ರ ಸುಮಾರಿಗೆ, ಅದೇ ಚಾಲುಕ್ಯ ರಾಜ್ಯದಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ವು ಭೂಮಿಯೊಳಗಿನ ನೀರನ್ನು ಗುರುತಿಸುವ ಬಗೆ, ಸುಗಂಧದ್ರವ್ಯಗಳ ತಯಾರಿಕೆ ಮತ್ತು ಅಡುಗೆ, ಈ ಮೂರನ್ನೂ ಒಂದೇ ಕೃತಿಯಲ್ಲಿ ಕನ್ನಡ ಓದುಗರ ಮುಂದಿರಿಸಿತ್ತು.

ಅರಮನೆಯ ಕರ್ಪೂರ ಜನಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. ಅವರ ಮನೆಗೆ ಬಂದದ್ದು ಲಾವಂಚ. ಹೊಳೆದಂಡೆಯ ಜವುಗಿನಲ್ಲಿ ಬೆಳೆಯುವ ಈ ಹುಲ್ಲಿನ ಬೇರನ್ನು ತೊಳೆದು, ಒಣಗಿಸಿ, ಸಣ್ಣ ಕಟ್ಟು ಕಟ್ಟಿ ಮಡಕೆಯ ನೀರಿನಲ್ಲಿ ಮುಳುಗಿಸಿಟ್ಟರೆ ಒಂದೆರಡು ಗಂಟೆಗಳಲ್ಲಿ ನೀರಿಗೆ ಮಳೆ ಬಿದ್ದ ಮಣ್ಣಿನ ಘಮ ಬರುತ್ತದೆ. ವೈದ್ಯಶಾಸ್ತ್ರದಲ್ಲಿ ಇದೇ ಬೇರು ಉಶೀರವೆಂಬ ಹೆಸರಿನಲ್ಲಿ, ತುಂಗೆಗಡ್ಡೆಯ ಜಾತಿಯ ಮುಸ್ತಾ, ಪರ್ಪಟಕ, ಚಂದನ, ಉದೀಚ್ಯ ಮತ್ತು ಒಣಶುಂಠಿಗಳೊಂದಿಗೆ ಸೇರಿ ಷಡಂಗಪಾನೀಯವೆನಿಸಿಕೊಳ್ಳುತ್ತದೆ. ಆರು ದ್ರವ್ಯಗಳನ್ನು ಹಾಕಿ ಕುದಿಸಿ ಆರಿಸಿದ ಈ ನೀರನ್ನು ಜ್ವರದ ದಾಹಕ್ಕೆ ಕೊಡಬೇಕೆಂದು ಚರಕಸಂಹಿತೆ ಹೇಳುತ್ತದೆ. ಜೀರಿಗೆ ಹಾಕಿ ಕುದಿಸಿದ ನೀರನ್ನು ಊಟದ ಜೊತೆ ಕೊಡುವ ಕರಾವಳಿಯ ರೂಢಿಯೂ, ಪತಂಗದ ಚಕ್ಕೆಯನ್ನು ಹಾಕಿ ನಸುಗೆಂಪಾಗಿಸಿದ ನೀರನ್ನು ಕುಡಿಯುವ ಕೇರಳದ ಮತ್ತು ಅದರ ಅಂಚಿನ ಕಾಸರಗೋಡಿನ ರೂಢಿಯೂ ಇದೇ ವಂಶಕ್ಕೆ ಸೇರಿದವು. ಇವುಗಳಲ್ಲಿ ಕುದಿಸುವಿಕೆಯೇ ಅರ್ಧ ಲಾಭ. ನೀರಿನ ರೋಗಾಣುಗಳು ಸಾಯುತ್ತವೆ, ಕಾಸಿದ ನೀರಿನ ಸಪ್ಪೆತನವನ್ನು ಚಕ್ಕೆ-ಜೀರಿಗೆಗಳ ಘಮ ಮರೆಸುತ್ತದೆ.

ಮಜ್ಜಿಗೆಯ ಆಳ್ವಿಕೆ

ಆದರೂ ಕನ್ನಡ ನಾಡಿನ ಬಾಯಾರಿಕೆಯ ಚರಿತ್ರೆಯಲ್ಲಿ ಮೊದಲ ಸ್ಥಾನ ಮಜ್ಜಿಗೆಗೇ ಸಲ್ಲಬೇಕು. ತುಪ್ಪಕ್ಕಾಗಿ ಮೊಸರು ಕಡೆಯುವ ನಾಡಿನಲ್ಲಿ ಮಜ್ಜಿಗೆ ಖರ್ಚಿಲ್ಲದೆ ಉಳಿಯುವ ಪದಾರ್ಥ. ಬೆಣ್ಣೆಗೆ ಮಾರುಕಟ್ಟೆಯಿತ್ತು, ತುಪ್ಪವನ್ನು ದೂರದೂರಿಗೆ ಸಾಗಿಸಬಹುದಿತ್ತು. ಮಜ್ಜಿಗೆಯಾದರೋ ಕೆಲವೇ ಗಂಟೆಗಳಲ್ಲಿ ಹುಳಿಯೇರುವುದರಿಂದ ಮನೆಯಲ್ಲೇ ಖರ್ಚಾಗಬೇಕಿತ್ತು, ಇಲ್ಲವೇ ನೆರೆಹೊರೆಗೆ, ಆಳುಕಾಳಿಗೆ, ದಾರಿಹೋಕರಿಗೆ ಹಂಚಿಹೋಗಬೇಕಿತ್ತು. ಮಜ್ಜಿಗೆಯನ್ನು ದುಡ್ಡಿಗೆ ಕೊಡುವುದು ಸಲ್ಲದೆಂಬ ಭಾವನೆ ಹಳ್ಳಿಗಳಲ್ಲಿ ಬಹುಕಾಲ ಉಳಿದುಬಂದದ್ದಕ್ಕೆ ಈ ಆರ್ಥಿಕ ಕಾರಣವೂ ಇದೆ.

ಮೊಸರು ಕಡೆಯುವ ಕೆಲಸಕ್ಕೆ ಈ ನಾಡು ಕೊಟ್ಟ ಮರ್ಯಾದೆ ದೊಡ್ಡದು. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದ ಕೃಷ್ಣನ ಕೈಯಲ್ಲಿರುವುದು ಕಡೆಗೋಲು ಮತ್ತು ಹಗ್ಗ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಅರಮನೆಗೆ ಹಾಲು-ಬೆಣ್ಣೆ ಒದಗಿಸುವ ದನಗಳ ಪಾಲನೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನೇ ನಡೆಸಿದರು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತ ಮಹಲ್’ ಎಂಬ ಹೆಸರಿಟ್ಟನು, ಆ ಹೆಸರು ಇಂದಿಗೂ ಒಂದು ದನದ ತಳಿಯ ಹೆಸರಾಗಿ ಉಳಿದಿದೆ. ರಾಜ್ಯವೊಂದು ಬೆಣ್ಣೆಗಾಗಿ ಇಲಾಖೆಯನ್ನು ಕಟ್ಟಿದ್ದ ಕಾಲದಲ್ಲಿ ಬೆಣ್ಣೆ ತೆಗೆದ ಮೇಲೆ ಉಳಿಯುವ ಮಜ್ಜಿಗೆ ದುಡಿಯುವ ಜನರ ಪಾಲಿಗೆ ಎಷ್ಟು ಸುಲಭವಾಗಿ ಸಿಗುತ್ತಿತ್ತೆಂಬುದನ್ನು ಊಹಿಸಬಹುದು.

ವೈದ್ಯಗ್ರಂಥಗಳು ಮಜ್ಜಿಗೆಯನ್ನು ಒಂದೇ ಪದಾರ್ಥವೆಂದು ಎಣಿಸಲಿಲ್ಲ. 16ನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ವು ಅದನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಕೆನೆಸಹಿತವಾಗಿ, ನೀರು ಬೆರೆಸದೆ ಕಡೆದದ್ದು ಘೋಲ. ಕೆನೆ ತೆಗೆದು, ನೀರಿಲ್ಲದೆ ಕಡೆದದ್ದು ಮಥಿತ. ಕಾಲುಭಾಗ ನೀರು ಸೇರಿದ್ದು ತಕ್ರ. ಅರ್ಧಭಾಗ ನೀರು ಸೇರಿದ್ದು ಉದಶ್ವಿತ್. ಬೆಣ್ಣೆಯನ್ನೆಲ್ಲ ತೆಗೆದು ತಿಳಿನೀರನ್ನು ಧಾರಾಳವಾಗಿ ಬೆರೆಸಿದ್ದು ಛಚ್ಛಿಕಾ. ಕನ್ನಡಿಗರ ನೀರುಮಜ್ಜಿಗೆ ಈ ಐದನೆಯ ಬಗೆಗೆ ಹತ್ತಿರದ್ದು. ಮೊದಲಿನವು ಆಹಾರವಾದರೆ ಕೊನೆಯದು ನಿಜವಾದ ಪಾನೀಯ. ಅದರಲ್ಲಿ ಜಿಡ್ಡು ಬಹಳ ಕಡಿಮೆ, ಹಾಲಿನ ಸಕ್ಕರೆಯ ಒಂದು ಭಾಗವನ್ನು ಹೆಪ್ಪಿನ ಸೂಕ್ಷ್ಮಜೀವಿಗಳು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸಿರುತ್ತವೆ, ಆ ಆಮ್ಲವೇ ಅದರ ಹುಳಿಗೂ ಬಾಯಲ್ಲಿ ನೀರೂರಿಸುವ ಗುಣಕ್ಕೂ ಕಾರಣ.

ಮಜ್ಜಿಗೆಯ ಒಗ್ಗರಣೆಯಲ್ಲಿ ವ್ಯಾಪಾರದ ಇತಿಹಾಸವೂ ಅಡಗಿದೆ. ಇಂದು ನೀರುಮಜ್ಜಿಗೆಗೆ ಹಸಿಮೆಣಸಿನಕಾಯಿ ಜಜ್ಜಿ ಹಾಕದ ಮನೆಯಿಲ್ಲ. ಆದರೆ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದದ್ದು. ಅದಕ್ಕೂ ಮೊದಲು ಪಾನೀಯದ ಖಾರವೆಂದರೆ ಶುಂಠಿ ಮತ್ತು ಮಲೆನಾಡಿನ ಕಾಳುಮೆಣಸು. ಇಂಗು ಇರಾನ್ ಮತ್ತು ಅಫ್ಘಾನಿಸ್ತಾನದ ಒಣ ಬೆಟ್ಟಗಳಲ್ಲಿ ಬೆಳೆಯುವ ಗಿಡದ ಅಂಟು. ಕರಿಬೇವು ಮತ್ತು ಹೇರಳೆ ಎಲೆ ಹಿತ್ತಲಿನವು. ಹೀಗೆ ಒಂದು ಲೋಟ ನೀರುಮಜ್ಜಿಗೆಯಲ್ಲಿ ಹಿತ್ತಲು, ಘಟ್ಟ, ಸಮುದ್ರದಾಚೆಯ ಖಂಡ ಮತ್ತು ಮರಳುಗಾಡಿನ ಅಂಚು ಒಟ್ಟಿಗೆ ಸೇರಿವೆ. ರಾಮನವಮಿಯಂದು ಪಾನಕ, ಕೋಸಂಬರಿಗಳೊಂದಿಗೆ ನೀರುಮಜ್ಜಿಗೆಯನ್ನೂ ಹಂಚುವ ಪದ್ಧತಿ ಬೇಸಿಗೆಯ ಆರಂಭಕ್ಕೆ ಸರಿಯಾಗಿ ಬೀಳುತ್ತದೆ; ಹಬ್ಬದ ಸಿಹಿಯ ಪಕ್ಕದಲ್ಲೇ ದಿನದ ಹುಳಿಯನ್ನೂ ಇರಿಸುವ ವಿವೇಕ ಅದರಲ್ಲಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ ‘ಸೂಪಶಾಸ್ತ್ರ’ವು ಪಾನಕಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಶ್ರೀಮಂತರ ಔತಣದ ಪಾನೀಯಗಳು ಹೀಗೆ ಗ್ರಂಥಸ್ಥವಾಗುತ್ತಿದ್ದಾಗ ಹೊಲದ ಬದುವಿನ ಪಾನೀಯಗಳು ಬಹುಪಾಲು ಬಾಯಿಂದ ಬಾಯಿಗೆ, ತಾಯಿಯಿಂದ ಮಗಳಿಗೆ ದಾಟಿಬಂದವು.

ಅಂಬಲಿ: ಕುಡಿಯುವ ಊಟ

ಆ ಹೊಲದ ಬದುವಿನ ಪಾನೀಯಗಳಲ್ಲಿ ಹಿರಿದು ಅಂಬಲಿ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹೊಯ್ದು, ಗಂಟಾಗದಂತೆ ತಿರುವಿ ಬೇಯಿಸಿ, ಆರಿದ ಮೇಲೆ ಮಜ್ಜಿಗೆ ಮತ್ತು ಉಪ್ಪು ಬೆರೆಸಿ ಕುಡಿಯುತ್ತಾರೆ. ಹಿಟ್ಟನ್ನು ಹಿಂದಿನ ರಾತ್ರಿಯೇ ನೆನೆಸಿ ಹುಳಿ ಬರಿಸುವ ಕ್ರಮವೂ ಉಂಟು. ಉತ್ತರ ಕರ್ನಾಟಕದಲ್ಲಿ ಜೋಳದ ಹಿಟ್ಟು ಅಥವಾ ನುಚ್ಚಿನ ಅಂಬಲಿಗೆ ಮಜ್ಜಿಗೆಯ ಜೊತೆ ಬೆಳ್ಳುಳ್ಳಿ, ಜೀರಿಗೆಗಳ ಒಗ್ಗರಣೆ ಬೀಳುತ್ತದೆ. ಬಿಸಿಲು 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಬೆಳಗಿನಿಂದ ಹೊಲದಲ್ಲಿ ದುಡಿಯುವವರಿಗೆ ಅದು ನೀರೂ ಹೌದು, ಊಟವೂ ಹೌದು. ಬೆವರಿನಲ್ಲಿ ಹೋದ ಉಪ್ಪನ್ನೂ ನೀರನ್ನೂ ಒಟ್ಟಿಗೆ ತುಂಬಿಕೊಟ್ಟು, ಹಿಟ್ಟಿನ ಪಿಷ್ಟದಿಂದ ನಿಧಾನವಾಗಿ ಶಕ್ತಿಯನ್ನೂ ಒದಗಿಸುವ ಈ ಪಾನೀಯದಲ್ಲಿ ಸಿಹಿಯ ಅಗತ್ಯವೇ ಇಲ್ಲ. ರಾಗಿಯ ಪ್ರತಿ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂನಷ್ಟು ಸುಣ್ಣದಂಶವಿದ್ದು, ಅಕ್ಕಿ ಗೋಧಿಗಳಲ್ಲಿ ಅದರ ಒಂದು ಸಣ್ಣ ಪಾಲಷ್ಟೇ ಇದೆಯೆಂಬುದು ಆಧುನಿಕ ಆಹಾರವಿಜ್ಞಾನ ಸ್ಥಿರಪಡಿಸಿದ ಸಂಗತಿ.

ಅಂಬಲಿಗೆ ಬಡತನದ ಗುರುತು ಅಂಟಿಕೊಂಡಿತ್ತೆಂಬುದು ನಿಜ. ‘ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ’ ಎಂಬ ಗಾದೆಯಲ್ಲಿ ಅಂಬಲಿ ಕುಡಿಯುವುದೆಂದರೆ ಯಾವ ಆಡಂಬರಕ್ಕೂ ಎಡೆಯಿಲ್ಲದ ಸ್ಥಿತಿ. ಆದರೆ ಕನ್ನಡದ ಧಾರ್ಮಿಕ ಪರಂಪರೆ ಈ ಕೀಳರಿಮೆಯನ್ನು ಒಪ್ಪಲಿಲ್ಲ. ಚೋಳರಾಜನು ದಿನವೂ ಅರ್ಪಿಸುತ್ತಿದ್ದ ಭಕ್ಷ್ಯಗಳಿಗಿಂತ ಮಾದಾರ ಚೆನ್ನಯ್ಯನ ಅಂಬಲಿಯೇ ಶಿವನಿಗೆ ಪ್ರಿಯವಾಯಿತೆಂಬ ಕಥೆಯನ್ನು ಶರಣ ಪರಂಪರೆ ಶತಮಾನಗಳಿಂದ ಹೇಳಿಕೊಂಡು ಬಂದಿದೆ. 16ನೆಯ ಶತಮಾನದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದವನ್ನು ಹೂಡಿ, ಕೊನೆಗೆ ರಾಗಿಗೇ ರಾಮನ ಮನ್ನಣೆ ಸಿಗುವಂತೆ ಮಾಡಿದರು. ಬಡವರ ಧಾನ್ಯವನ್ನೂ ಬಡವರ ಪಾನೀಯವನ್ನೂ ದೇವರ ಎದುರಿನಲ್ಲಿ ಮೇಲೇರಿಸಿದ ಈ ಎರಡು ಕಥನಗಳು ಸಾಮಾಜಿಕ ನ್ಯಾಯದ ದನಿಗಳೆಂದು ಓದಲ್ಪಡುತ್ತವೆ. ಆಹಾರದ ಇತಿಹಾಸದ ದೃಷ್ಟಿಯಿಂದ ಅವು ಅಂಬಲಿಯ ವ್ಯಾಪಕತೆಗೂ ಪುರಾವೆಗಳು.

ಮಜ್ಜಿಗೆ, ಅಂಬಲಿ ಎರಡಕ್ಕೂ ಉಪ್ಪು ಬೇಕು. ಕುಮಟಾ ತಾಲೂಕಿನ ಸಾಣಿಕಟ್ಟಾದಂಥ ಕರಾವಳಿಯ ಗದ್ದೆಗಳಲ್ಲಿ ಬಿಸಿಲಿಗೆ ಒಣಗಿದ ಉಪ್ಪು ಎತ್ತಿನ ಹೇರುಗಳ ಮೇಲೆ ಘಟ್ಟ ಹತ್ತಿ ಒಳನಾಡಿಗೆ ಹೋಗುತ್ತಿತ್ತು. ಬ್ರಿಟಿಷರು ಉಪ್ಪಿನ ಮೇಲೆ ಹೇರಿದ ತೆರಿಗೆ ಅಂಬಲಿ ಕುಡಿಯುವವರ ಮೇಲೆಯೇ ಹೆಚ್ಚು ಭಾರವಾಗಿ ಬಿದ್ದಿತು. ಏಕೆಂದರೆ ಬೆವರು ಹರಿಸಿ ದುಡಿಯುವವರಿಗೆ ಉಪ್ಪು ಬಿಟ್ಟಿರಲಾಗದ ವಸ್ತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹಕ್ಕೆ ಸುತ್ತಲಿನ ಹಳ್ಳಿಗಳ ಜನ ಸಾವಿರಾರು ಸಂಖ್ಯೆಯಲ್ಲಿ ಸೇರಿದ್ದರ ಹಿಂದೆ ಈ ದಿನನಿತ್ಯದ ಅಗತ್ಯವೂ ಇತ್ತು.

ಮಲೆನಾಡು ಮತ್ತು ಕರಾವಳಿಯ ಹುಳಿಗಳು

ಘಟ್ಟದ ಮೇಲೆ ಮತ್ತು ಕೆಳಗೆ ಪಾನೀಯಗಳ ಲೋಕ ಬೇರೆಯೇ ಆಗುತ್ತದೆ. ಇಲ್ಲಿ ಕಾಡು ಹುಳಿಯ ಭಂಡಾರ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಶಿವಮೊಗ್ಗದ ಸಾಗರ, ಹೊಸನಗರಗಳ ಹೊಳೆಸಾಲುಗಳಲ್ಲಿ ಬೆಳೆಯುವ ಅಪ್ಪೆಮಾವು ಉಪ್ಪಿನಕಾಯಿಯ ಮಿಡಿಗೆ ಹೆಸರುವಾಸಿಯಾಗಿದ್ದು ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದಿದೆ. ಅದರಿಂದ ಮಾಡುವ ಅಪ್ಪೆಹುಳಿ ಸಿಹಿಯಿಲ್ಲದ ಪಾನೀಯಗಳಲ್ಲಿ ಅತ್ಯಂತ ನಾಜೂಕಾದುದು. ಬೇಯಿಸಿದ ಮಾವಿನಕಾಯಿಯನ್ನು ಕಿವುಚಿ, ರಸವನ್ನು ನೀರಿನಲ್ಲಿ ತೆಳುವಾಗಿಸಿ, ಉಪ್ಪು ಬೆರೆಸಿ, ಸಾಸಿವೆ, ಇಂಗು, ಮೆಣಸಿನಕಾಯಿಗಳ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ ಸಿದ್ಧ. ಹವ್ಯಕರ ಊಟದ ಪಂಕ್ತಿಯಲ್ಲಿ ಅನ್ನಕ್ಕೆ ಕಲಸಿಕೊಳ್ಳುವುದಕ್ಕಿಂತಲೂ ಹೆಚ್ಚಾಗಿ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುವ ಪದಾರ್ಥವಿದು. ಮಾವಿನ ಸೊನೆಯ ಪರಿಮಳವೇ ಅದರ ಜೀವಾಳ. ನೀರ್ಗೊಜ್ಜು, ಕಂಚಿಸಾರುಗಳೂ ಇದೇ ಕುಟುಂಬದವು.

ತಂಬುಳಿಯ ಚೌಕಟ್ಟು ಇನ್ನೂ ವಿಶಾಲ. ಒಂದೆಲಗ, ದೊಡ್ಡಪತ್ರೆ, ನೆಲ್ಲಿ, ಶುಂಠಿ, ದಾಳಿಂಬೆಯ ಸಿಪ್ಪೆ ಅಥವಾ ಮಳೆಗಾಲದಲ್ಲಿ ಚಿಗುರುವ ಹತ್ತಾರು ಕುಡಿಗಳಲ್ಲಿ ಯಾವುದಾದರೊಂದನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ-ಕಾಳುಮೆಣಸು, ತೆಂಗಿನತುರಿಗಳೊಂದಿಗೆ ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿಯಾಗುತ್ತದೆ. ಅದನ್ನು ಕುದಿಸುವುದಿಲ್ಲ, ಹಾಗಾಗಿ ಎಲೆಯ ಘಮವೂ ಮಜ್ಜಿಗೆಯ ತಂಪೂ ಹಾಗೆಯೇ ಉಳಿಯುತ್ತವೆ. ಮನೆಯ ಸುತ್ತಲಿನ ಸಸ್ಯಗಳ ಗುಣವನ್ನು ಹೆಂಗಸರು ತಲೆಮಾರುಗಳಿಂದ ಪರೀಕ್ಷಿಸಿ ಉಳಿಸಿಕೊಂಡ ಜ್ಞಾನದ ಸಂಗ್ರಹವಿದು.

ಕರಾವಳಿಯಲ್ಲಿ ಹುಳಿಯ ಸ್ಥಾನವನ್ನು ಮುರುಗಲು ಹಿಡಿಯಿತು. ದಕ್ಷಿಣ ಕನ್ನಡದಲ್ಲಿ ಇದೇ ಹಣ್ಣನ್ನು ಪುನರ್ಪುಳಿ ಎನ್ನುತ್ತಾರೆ. ಕಡುಗೆಂಪು ಬಣ್ಣದ ಹಣ್ಣಿನ ಸಿಪ್ಪೆಯನ್ನು ಬೇಸಿಗೆಯಲ್ಲಿ ಒಣಗಿಸಿಟ್ಟು ವರ್ಷವಿಡೀ ಬಳಸುತ್ತಾರೆ. ಸಿಪ್ಪೆಯನ್ನು ನೆನೆಸಿದ ನೀರಿಗೆ ಉಪ್ಪು, ಮೆಣಸಿನಕಾಯಿ, ಒಗ್ಗರಣೆ ಸೇರಿದರೆ ತಿಳಿಸಾರು. ತೆಂಗಿನಹಾಲು ಬೆಳ್ಳುಳ್ಳಿಗಳು ಸೇರಿದರೆ ಕಾರವಾರದಿಂದ ಉತ್ತರಕ್ಕೆ ಕೊಂಕಣದುದ್ದಕ್ಕೂ ಮೀನೂಟದ ಕೊನೆಗೆ ಕುಡಿಯುವ ಗುಲಾಬಿ ಬಣ್ಣದ ಸೋಲಕಢಿ. ತೆಂಗು ಸಮೃದ್ಧವಾಗಿರುವ ತೀರದಲ್ಲಿ ಬಯಲುಸೀಮೆಯ ಮಜ್ಜಿಗೆ ಮಾಡುವ ಕೆಲಸವನ್ನು ತೆಂಗಿನಹಾಲು ಮಾಡಿತು. ಕುಚ್ಚಲಕ್ಕಿಯ ಗಂಜಿಯಿಂದ ಬಸಿದ ತಿಳಿಗೆ ಉಪ್ಪು ಹಾಕಿ ಕುಡಿಯುವ ರೂಢಿಯೂ ಅದೇ ತೀರದ್ದು. ಹೀಗೆ ಪ್ರತಿ ಸೀಮೆಯೂ ತನಗೆ ಎಟುಕುವ ಹುಳಿಯಿಂದಲೇ ತನ್ನ ಪಾನೀಯವನ್ನು ಕಟ್ಟಿಕೊಂಡಿತು.

ಅರವಟ್ಟಿಗೆ

ಮನೆಯೊಳಗಿನ ಈ ಪಾನೀಯಗಳನ್ನು ಬೀದಿಗೆ ತಂದ ಸಂಸ್ಥೆ ಅರವಟ್ಟಿಗೆ. ದಾರಿಹೋಕರಿಗೆ ಪುಕ್ಕಟೆಯಾಗಿ ನೀರು ಕೊಡುವ ಚಪ್ಪರಕ್ಕೆ ಸಂಸ್ಕೃತದಲ್ಲಿ ಪ್ರಪಾ ಎಂದು ಹೆಸರು. ಧರ್ಮಶಾಸ್ತ್ರಗಳು ಕೆರೆ, ಬಾವಿ, ತೋಪುಗಳೊಂದಿಗೆ ಅದನ್ನೂ ಪುಣ್ಯಕಾರ್ಯವೆಂದು ಎಣಿಸುತ್ತವೆ. ಕನ್ನಡ ಶಾಸನಗಳಲ್ಲಿ ಸತ್ರ ಮತ್ತು ಅರವಟ್ಟಿಗೆಗಳನ್ನು ನಡೆಸಲು ಭೂಮಿಯನ್ನು ದತ್ತಿ ಬಿಟ್ಟ ಉಲ್ಲೇಖಗಳು ದೊರೆಯುತ್ತವೆ. ಒಮ್ಮೆ ನೀರು ಕೊಟ್ಟು ಮುಗಿಸುವ ದಾನವಲ್ಲ ಅದು. ನೀರು ಹೊರುವವನ ಕೂಲಿ, ಮಡಕೆಯ ಬೆಲೆ, ಚಪ್ಪರದ ದುರಸ್ತಿ ಎಲ್ಲವೂ ವರ್ಷ ವರ್ಷ ನಡೆದುಹೋಗುವಂತೆ ಏರ್ಪಡಿಸಿದ ವ್ಯವಸ್ಥೆ. ಚೈತ್ರ-ವೈಶಾಖಗಳಲ್ಲಿ ತೆರೆಯುವ ಅರವಟ್ಟಿಗೆಗಳಲ್ಲಿ ಬರಿಯ ನೀರಿನ ಪಕ್ಕದಲ್ಲೇ ನೀರುಮಜ್ಜಿಗೆಯ ಗಡಿಗೆಯನ್ನೂ ಇಡುವ ಪದ್ಧತಿ ಬಂದದ್ದು, ಬಿಸಿಲಲ್ಲಿ ನಡೆದು ಬಂದವನಿಗೆ ಬರಿಯ ನೀರಿಗಿಂತ ಉಪ್ಪು-ಹುಳಿಯ ನೀರು ಹೆಚ್ಚು ಒಗ್ಗುತ್ತದೆಂಬ ಅನುಭವದಿಂದ.

ಈ ಸಂಸ್ಥೆಯ ಮಿತಿಯನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಅನೇಕ ಕಡೆ ನೀರು ಕೊಡುವವನ ಜಾತಿ, ಕುಡಿಯುವವನ ಜಾತಿ ಎರಡನ್ನೂ ನೋಡಲಾಗುತ್ತಿತ್ತು; ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟವರಿಗೆ ಬೊಗಸೆಯೊಡ್ಡಿ, ಎತ್ತರದಿಂದ ಸುರಿದ ನೀರನ್ನು ಕುಡಿಯಬೇಕಾದ ಅವಮಾನ ತಪ್ಪಿರಲಿಲ್ಲ, ಕೆರೆ-ಬಾವಿಗಳೇ ಅವರಿಗೆ ಮುಚ್ಚಿದ್ದವು. ಬಾಯಾರಿದವರೆಲ್ಲರೂ ಸಮಾನರೆಂಬ ತತ್ತ್ವ ಕಾನೂನಿನ ರೂಪ ಪಡೆದದ್ದು ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿಯಿಂದ. ಅರವಟ್ಟಿಗೆಯನ್ನು ಇಂದು ಮತ್ತೆ ತೆರೆಯುವವರು ಈ ಪಾಠವನ್ನು ಮರೆಯಬಾರದು.

ಸಿಹಿಯ ಏರಿಕೆ

20ನೆಯ ಶತಮಾನದಲ್ಲಿ ಪಾನೀಯಗಳ ಸಮತೋಲ ಬದಲಾಯಿತು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದಂತೆ, ನಗರಗಳಲ್ಲಿ ನೀರು ಒಂದೇ ಬಗೆಯದಾಯಿತು. ಮುಂದೆ ಶುದ್ಧೀಕರಣಕ್ಕೆ ಬಳಸಿದ ಕ್ಲೋರಿನ್ ಜೀವ ಉಳಿಸಿತಾದರೂ ಅದರ ವಾಸನೆ ಬರಿಯ ನೀರನ್ನು ಒಲ್ಲೆನೆನ್ನಲು ಹೊಸದೊಂದು ಕಾರಣವಾಯಿತು. ಅದೇ ಕಾಲದಲ್ಲಿ ಸಕ್ಕರೆ ಅಗ್ಗವಾಗತೊಡಗಿತು. 1932ರಲ್ಲಿ ದೇಶೀಯ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆತ ಮೇಲೆ ಭಾರತದಾದ್ಯಂತ ಕಾರ್ಖಾನೆಗಳು ತಲೆಯೆತ್ತಿದವು. ಕೃಷ್ಣರಾಜಸಾಗರದ ನಾಲೆಯ ನೀರಿನಿಂದ ಕಬ್ಬು ಬೆಳೆಯತೊಡಗಿದ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಚಹಾ ಬೆಳೆಗಾರರು 1903ರ ಸೆಸ್ ಕಾನೂನಿನಿಂದ ಬಂದ ಹಣದಲ್ಲಿ ಪ್ರಚಾರ ನಡೆಸಿದ್ದರು. 1930ರ ದಶಕದ ಕಾಫಿ ಸೆಸ್ಸು ಕಾಫಿ ಹೌಸುಗಳನ್ನು ಹುಟ್ಟುಹಾಕಿತು. ಚಹಾ, ಕಾಫಿ ಎರಡೂ ಇಲ್ಲಿ ಹಾಲು-ಸಕ್ಕರೆಗಳೊಂದಿಗೇ ಮನೆಮಾತಾದವು. ಹಬ್ಬದ ಸಿಹಿ ಹೀಗೆ ದಿನಕ್ಕೆ ಎರಡು ಮೂರು ಸಲದ ಸಿಹಿಯಾಯಿತು. ಅತಿಥಿಗೆ ಮಜ್ಜಿಗೆ ಕೊಡುವುದು ಹಳ್ಳಿತನವೆಂದೂ ಕಾಫಿ ಕೊಡುವುದು ಮರ್ಯಾದೆಯೆಂದೂ ಎಣಿಸುವ ಕಾಲ ಬಂದಿತು.

ಈ ಬದಲಾವಣೆಯ ನಡುವೆಯೂ ಒಂದು ಹೊಸ ವಸ್ತು ಹಳೆಯ ರುಚಿಗೆ ಒಲಿಯಿತು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿಯಲ್ಲಿ, ಒಳಗಿನ ಅನಿಲದ ಒತ್ತಡವೇ ಗಾಜಿನ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಗೋಲಿಯನ್ನು ಬೆರಳಿನಿಂದ ಒಳಕ್ಕೆ ತಳ್ಳಿದರೆ ಸೋಡ ಹೊರಬರುತ್ತದೆ. ಬಾಟಲಿ ವಿದೇಶದ್ದಾದರೂ ಅದರ ಸೋಡಕ್ಕೆ ನಿಂಬೆಹಣ್ಣು ಹಿಂಡಿ ಉಪ್ಪು ಬೆರೆಸಿ ಕುಡಿಯುವ ಕ್ರಮ ಈ ನಾಡಿನದ್ದು. ಹುಳಿ-ಉಪ್ಪುಗಳ ಪುರಾತನ ಜೋಡಿ ಗೋಲಿಸೋಡದಲ್ಲಿ ಹೊಸ ಅಂಗಡಿಯನ್ನು ಕಂಡುಕೊಂಡಿತು. ಮುಂದೆ ಸಿಹಿಪಾನೀಯಗಳ ದೊಡ್ಡ ಕಂಪನಿಗಳು ಪೇಟೆಯನ್ನು ಆವರಿಸಿದವು. 1977ರಲ್ಲಿ ಭಾರತವನ್ನು ತೊರೆದಿದ್ದ ಕೋಕಾ-ಕೋಲಾ 1993ರಲ್ಲಿ ಮರಳಿದ ಮೇಲೆ ಈ ಪೈಪೋಟಿಯಲ್ಲಿ ಊರೂರಿನ ಗೋಲಿಸೋಡ ಕಾರ್ಖಾನೆಗಳು ಹಿಂದೆ ಬಿದ್ದವು. ಆದರೆ ಇದೇ ಅವಧಿಯಲ್ಲಿ, 1974ರಲ್ಲಿ ಆರಂಭವಾದ ರಾಜ್ಯದ ಹೈನು ಅಭಿವೃದ್ಧಿಯ ಯೋಜನೆಯಿಂದ ಬೆಳೆದ ಕರ್ನಾಟಕ ಹಾಲು ಮಹಾಮಂಡಳವು ಮಸಾಲೆ ಮಜ್ಜಿಗೆಯನ್ನು ಪೊಟ್ಟಣದಲ್ಲಿ ತಂದು, ದುಡ್ಡಿಗೆ ಕೊಡಬಾರದೆಂದಿದ್ದ ಪಾನೀಯವನ್ನೇ ನಗರದ ಅಂಗಡಿಗಳಲ್ಲಿ ದೊರೆಯುವಂತೆ ಮಾಡಿತು. ಹಂಚುವ ಪದ್ಧತಿ ಅಳಿದಲ್ಲಿ ಮಾರಾಟವಾದರೂ ಅದರ ರುಚಿಯನ್ನು ಉಳಿಸಿತು.

ಈ ಚರಿತ್ರೆಯಿಂದ ಮೂರು ಮಾತುಗಳು ದೃಢವಾಗಿ ಹೊರಡುತ್ತವೆ. ಬರಿಯ ನೀರನ್ನು ಒಲ್ಲದ ನಾಲಗೆಗೆ ಸಕ್ಕರೆಯೊಂದೇ ಉತ್ತರವೆಂಬ ನಂಬಿಕೆ ಇತ್ತೀಚಿನದು, ಅದನ್ನು ಬೆಳೆಸಿದ್ದು ಮಾರುಕಟ್ಟೆ. ಹುಳಿ, ಉಪ್ಪು ಮತ್ತು ಘಮಗಳಿಂದ ನೀರನ್ನು ರುಚಿಗೊಳಿಸುವ ಹಳೆಯ ಉತ್ತರ ಹವೆಗೂ ದುಡಿಮೆಗೂ ಒಗ್ಗಿದುದು, ಬಡವರ ಕೈಗೂ ಎಟುಕುವಂಥದು. ಮೂರನೆಯದಾಗಿ, ಹಳೆಯದನ್ನು ಕುರುಡಾಗಿ ಮರಳಿ ತರಬೇಕಾಗಿಲ್ಲ: ಬಿಸಿಲಲ್ಲಿ ದುಡಿಯುವವರ ಮಜ್ಜಿಗೆಗೆ ಬೇಕಾದಷ್ಟು ಉಪ್ಪು ಕುಳಿತು ಕೆಲಸಮಾಡುವವರಿಗೂ ರಕ್ತದೊತ್ತಡವುಳ್ಳವರಿಗೂ ಬೇಕಿಲ್ಲ, ಅಂಥವರಿಗೆ ಲಾವಂಚದ ನೀರು, ಜೀರಿಗೆಯ ನೀರು, ಉಪ್ಪು ಕಡಿಮೆ ಮಾಡಿದ ತಂಬುಳಿಗಳು ಹಿತ. ಶಾಲೆ, ಕಚೇರಿ, ಬಸ್ ನಿಲ್ದಾಣ, ಮದುವೆ ಛತ್ರಗಳಲ್ಲಿ ಬೇಸಿಗೆಯ ನಾಲ್ಕು ತಿಂಗಳಾದರೂ ನೀರಿನ ಪಕ್ಕದಲ್ಲಿ ಒಂದು ಲಾವಂಚದ ಮಡಕೆಯನ್ನೋ ಮಜ್ಜಿಗೆಯ ಗಡಿಗೆಯನ್ನೋ ಇಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಯಾರ ಜಾತಿಯನ್ನೂ ಕೇಳದೆ, ಯಾರಿಂದಲೂ ಬೆಲೆ ಪಡೆಯದೆ ಅದನ್ನು ನಡೆಸುವ ಹೊಣೆಯನ್ನು ಗ್ರಾಮ ಪಂಚಾಯಿತಿಗಳೂ ಸಂಘಸಂಸ್ಥೆಗಳೂ ಓದುಗರೂ ವಹಿಸಿಕೊಳ್ಳಬೇಕು.